ಪತಿ ಐ.ಪಿ. ಹಾಕಿದರೆ ಜಂಟಿ ಹೆಸರಿನ ಮನೆಯನ್ನು ಕಾಪಾಡಿಕೊಳ್ಳುವ ಬಗೆ

ಬಳ್ಳಾರಿಯ ಜೀನ್ಸ್ ಘಟಕವಾಗಲಿ, ಗಂಗಾವತಿಯ ಅಕ್ಕಿ ಗಿರಣಿಯಾಗಲಿ ನಷ್ಟಕ್ಕೆ ಬಿದ್ದು, ಅದನ್ನು ನಡೆಸುತ್ತಿದ್ದವರು ‘ಐ.ಪಿ. ಹಾಕಿದರು’, ಅಂದರೆ ತಮ್ಮನ್ನು ದಿವಾಳಿಯೆಂದು ಘೋಷಿಸುವಂತೆ ನ್ಯಾಯಾಲಯಕ್ಕೆ ಅರ್ಜಿ ಸಲ್ಲಿಸಿದರು ಎಂಬ ಸುದ್ದಿ ಹಬ್ಬಿದಾಗ, ಮನೆಯೂ ಹೋಯಿತೆಂದು ಪತ್ನಿ ಕಂಗಾಲಾಗುವುದು ಸಹಜ. ಆದರೆ 1920ರ ಪ್ರಾಂತೀಯ ದಿವಾಳಿ ಕಾಯ್ದೆಯ 28ನೇ ಕಲಮಿನಂತೆ ನ್ಯಾಯಾಲಯದ ಅಥವಾ ರಿಸೀವರರ (ದಿವಾಳಿಯಾದವರ ಸ್ವತ್ತನ್ನು ನೋಡಿಕೊಳ್ಳಲು ನ್ಯಾಯಾಲಯ ನೇಮಿಸುವವರ) ಅಧೀನಕ್ಕೆ ಹೋಗುವುದು ದಿವಾಳಿಯಾದವರ ಸ್ವತ್ತು ಮಾತ್ರ. ಜಂಟಿ ಮನೆಯಲ್ಲಿ ಹಾಗೆ ಹೋಗುವುದು ಪತಿಯ ಪಾಲು, ನಿಮ್ಮ ಪಾಲಲ್ಲ. (ಕಂಪನಿಯ ಸಾಲಕ್ಕೆ ವೈಯಕ್ತಿಕ ಜಾಮೀನು ನಿಂತವರ ಪ್ರಕರಣಗಳು 2019ರ ಡಿಸೆಂಬರ್ 1ರಿಂದ ಬೇರೆ ಸಂಹಿತೆಯಡಿ ನಡೆಯುತ್ತಿವೆ.)

ಮೊದಲು ಕ್ರಯಪತ್ರವನ್ನು ತೆಗೆದು ಓದಿ. ಯಾರ ಪಾಲು ಎಷ್ಟೆಂದು ಅದರಲ್ಲಿ ಬರೆದಿಲ್ಲದಿದ್ದರೆ, ಆಸ್ತಿ ವರ್ಗಾವಣೆ ಕಾಯ್ದೆಯ 45ನೇ ಕಲಮಿನ ಪ್ರಕಾರ ಯಾರು ಎಷ್ಟು ಹಣ ಹಾಕಿದರೋ ಆ ಪ್ರಮಾಣದಲ್ಲಿ ಪಾಲು ನಿಗದಿಯಾಗುತ್ತದೆ. ಪುರಾವೆ ಇಲ್ಲದಿದ್ದರೆ ಸಮಪಾಲು. ತವರಿನವರು ಕೊಟ್ಟ ಹಣ ಜಮೆಯಾದ ಪಾಸ್‌ಬುಕ್, ಒಡವೆ ಮಾರಿದ ರಸೀದಿ, ನಿಮ್ಮ ಸಂಬಳದಿಂದ ಕಟ್ಟಿದ ಕಂತುಗಳ ವಿವರ, ಇವನ್ನೆಲ್ಲ ಈಗಲೇ ಒಂದೆಡೆ ಜೋಡಿಸಿಡಿ. ಖಾತಾ ತೆರಿಗೆಯ ದಾಖಲೆಯೇ ಹೊರತು ಅದೊಂದೇ ಒಡೆತನವನ್ನು ಸಾಬೀತುಪಡಿಸದು.

ನಿಜವಾದ ಅಪಾಯ ಇರುವುದು ಬ್ಯಾಂಕಿನ ಕಡತದಲ್ಲಿ. ಪೆನ್ಸಿಲಿನಿಂದ ಗುರುತು ಹಾಕಿದಲ್ಲೆಲ್ಲ ಓದದೆ ಸಹಿ ಮಾಡಿಕೊಟ್ಟ ಹೆಣ್ಣುಮಕ್ಕಳು ನಮ್ಮಲ್ಲಿ ಬಹಳ. ನೀವೂ ಮನೆಯನ್ನು ಅಡಮಾನ ಮಾಡಿಕೊಟ್ಟಿದ್ದರೆ, ಐ.ಪಿ.ಯಿಂದ ಬ್ಯಾಂಕಿನ ಹಕ್ಕಿಗೆ ತಡೆಯಿಲ್ಲ. ಅಡಮಾನದ ಆಸ್ತಿಯಿಂದ ಬ್ಯಾಂಕುಗಳು ಸಾಲ ವಸೂಲು ಮಾಡಿಕೊಳ್ಳಲು ಇರುವ ಸರ್ಫೇಸಿ ಕಾಯ್ದೆಯಡಿ ಅದು 60 ದಿನಗಳ ನೋಟಿಸು ಕೊಟ್ಟು ಇಡೀ ಮನೆಯ ಮೇಲೆ ಕ್ರಮ ಕೈಗೊಳ್ಳಬಹುದು. ಆ ಕ್ರಮವನ್ನು ಪ್ರಶ್ನಿಸಬೇಕಾದರೆ 45 ದಿನಗಳೊಳಗೆ ಬೆಂಗಳೂರಿನ ಸಾಲ ವಸೂಲಾತಿ ನ್ಯಾಯಮಂಡಳಿಗೆ ಅರ್ಜಿ ಸಲ್ಲಿಸಬೇಕು. ಆದ್ದರಿಂದ ನೋಟಿಸು ಬಂದರೆ ವಾಪಸು ಕಳಿಸದೆ ಪಡೆದು, ತಲುಪಿದ ದಿನಾಂಕವನ್ನು ಲಕೋಟೆಯ ಮೇಲೆ ಬರೆದಿಡಿ.

ಐ.ಪಿ.ಗೆ ಮುಂಚೆ ಪತಿಯ ಪಾಲನ್ನು ನಿಮ್ಮ ಹೆಸರಿಗೆ ದಾನಪತ್ರ ಮಾಡಿಸಿಕೊಳ್ಳಿ ಎಂದು ಸಲಹೆ ಕೊಡುವವರ ಮಾತನ್ನು ದಯವಿಟ್ಟು ಕೇಳಬೇಡಿ. ದಾನ ಮಾಡಿದ ಎರಡು ವರ್ಷಗಳೊಳಗೆ ಸಲ್ಲಿಕೆಯಾದ ಅರ್ಜಿಯ ಮೇಲೆ ಅವರು ದಿವಾಳಿಯೆಂದು ಘೋಷಿತರಾದರೆ, ದಿವಾಳಿ ಕಾಯ್ದೆಯ 53ನೇ ಕಲಮಿನಡಿ ಅದನ್ನು ರದ್ದುಪಡಿಸಬಹುದು. ಅದಕ್ಕಿಂತ ಹೆಚ್ಚಾಗಿ, ನಿಮ್ಮ ನ್ಯಾಯವಾದ ಪಾಲನ್ನೂ ಸಾಲ ಕೊಟ್ಟವರು ಅನುಮಾನದಿಂದ ನೋಡುವಂತಾಗುತ್ತದೆ.

ರಿಸೀವರರು ಬಂದಾಗ ಹೆದರಿ ಮನೆ ಬಿಡಬೇಡಿ. ಹೊರಹಾಕುವ ಹಕ್ಕು ಪತಿಗೇ ಇಲ್ಲದ ವ್ಯಕ್ತಿಯನ್ನು ನ್ಯಾಯಾಲಯವೂ ಅದೇ ಕಾಯ್ದೆಯ 56ನೇ ಕಲಮಿನಡಿ ಹೊರಹಾಕುವಂತಿಲ್ಲ. ನಿಮ್ಮ ಪಾಲನ್ನು ನಿರ್ಧರಿಸುವಂತೆ ಅದೇ ನ್ಯಾಯಾಲಯಕ್ಕೆ 4ನೇ ಕಲಮಿನಡಿ ಅರ್ಜಿ ಹಾಕಿ. ಪತಿಯ ಪಾಲನ್ನು ಹೊರಗಿನವರು ಕೊಂಡು ವಿಭಾಗದ ದಾವೆ ಹೂಡಿದರೆ, ಅವಿಭಕ್ತ ಕುಟುಂಬದ ವಾಸದ ಮನೆಯಾಗಿದ್ದಲ್ಲಿ ಆ ಪಾಲನ್ನು ನ್ಯಾಯಾಲಯ ಕಟ್ಟುವ ಬೆಲೆಗೆ ನೀವೇ ಕೊಳ್ಳಲು 1893ರ ವಿಭಾಗ ಕಾಯ್ದೆ ಅವಕಾಶ ನೀಡುತ್ತದೆ. ಬೇಸಾಯಗಾರರು ವಾಸವಿರುವ ಮನೆಗೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮಿನಲ್ಲಿ ಜಪ್ತಿಯಿಂದ ರಕ್ಷಣೆಯಿದೆ. ಅಡಮಾನವಿಲ್ಲದಿದ್ದರೆ ಅದನ್ನು ತಪ್ಪದೆ ಕೇಳಿ.

ವಕೀಲರ ಶುಲ್ಕಕ್ಕೆ ಹಣವಿಲ್ಲವೆಂದು ಕೈಕಟ್ಟಿ ಕೂರಬೇಕಿಲ್ಲ. ಆದಾಯ ಎಷ್ಟೇ ಇರಲಿ, ಮಹಿಳೆಯರಿಗೆ ಉಚಿತ ಕಾನೂನು ನೆರವು ಪಡೆಯುವ ಹಕ್ಕಿದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ ಅಥವಾ 15100ಕ್ಕೆ ಕರೆ ಮಾಡಿ. ಹೋಗುವಾಗ ಕ್ರಯಪತ್ರ, ಋಣಭಾರ ಪ್ರಮಾಣಪತ್ರ ಮತ್ತು ನೋಟಿಸು ಬಂದ ಆ ಲಕೋಟೆ ಜೊತೆಗಿರಲಿ.