ಒಂದೇ ಅಣುವಿನಿಂದ ಬೆಳಕು: ಮೊದಲು ಸೂಜಿ ಹದವಾಗಲಿ

ಎಸ್‌ಟಿಎಂ (ಚೂಪಾದ ಲೋಹದ ಸೂಜಿಯಿಂದ ಮೇಲ್ಮೈಯನ್ನು ಪರಮಾಣು ಮಟ್ಟದಲ್ಲಿ ತಡವುವ ಸೂಕ್ಷ್ಮದರ್ಶಕ) ಸೂಜಿಯಿಂದ ಒಂದೇ ಒಂದು ಅಣುವಿಗೆ ಕರೆಂಟ್ ಹರಿಸಿ ಬೆಳಕು ಪಡೆಯುವ ಪ್ರಯೋಗದಲ್ಲಿ ಹೆಚ್ಚಿನ ಸಮಯವನ್ನು ಸೂಜಿಯ ತುದಿಗೇ ಕೊಡಿ. ಬೆಳಕು ಕಾಣದಿದ್ದರೆ ಮೊದಲು ಅನುಮಾನಿಸಬೇಕಾದದ್ದೂ ಅದನ್ನೇ.

ಇಲ್ಲಿ ಅಣುವಿಗೆ ಆಸರೆ ಬೆಳ್ಳಿಯ ಮೇಲ್ಮೈ. ಆದರೆ ಅಣು ನೇರವಾಗಿ ಬೆಳ್ಳಿಯ ಮೇಲೆ ಕೂತರೆ ಅದರ ಶಕ್ತಿ ಬೆಳಕಾಗುವ ಮೊದಲೇ ಲೋಹಕ್ಕೆ ಸೋರಿಹೋಗುತ್ತದೆ. ಕ್ಯಾಲಿಫೋರ್ನಿಯಾದ ಅರ್ವೈನ್‌ನಲ್ಲಿ ವಿಲ್ಸನ್ ಹೋ ತಂಡ 2003ರಲ್ಲಿ ಇದನ್ನು ತಡೆಯಲು ತೆಳುವಾದ ಅಲ್ಯುಮಿನಿಯಂ ಆಕ್ಸೈಡ್ ಬಳಸಿತು. ಈಗ ಸುಲಭದ ದಾರಿ ಸೋಡಿಯಂ ಕ್ಲೋರೈಡ್ (ಅಡುಗೆ ಉಪ್ಪು), 2ರಿಂದ 4 ಪರಮಾಣು ಪದರ. ಬೆಂಗಳೂರಿನ ಮಳೆಗಾಲದಲ್ಲಿ ಉಪ್ಪು ಬೇಗ ನೀರು ಹೀರುತ್ತದೆ. ವ್ಯಾಕ್ಯೂಮ್‌ನಲ್ಲಿ ಅದನ್ನು ನಿಧಾನವಾಗಿ ಬಿಸಿ ಮಾಡಿ, ಒತ್ತಡ ಇಳಿದು ನಿಂತ ಮೇಲಷ್ಟೇ ಲೇಪಿಸಿ. ಬೆಳ್ಳಿಯನ್ನು ಪೂರ್ತಿ ಮುಚ್ಚಬೇಡಿ, ಸೂಜಿ ಹದ ಮಾಡಲು ಉಪ್ಪಿಲ್ಲದ ಜಾಗ ಬೇಕು. ನಂತರ ಮಾದರಿಯನ್ನು (ಉಪ್ಪು ಲೇಪಿಸಿದ ಬೆಳ್ಳಿಯನ್ನು) ದ್ರವ ಹೀಲಿಯಂನಿಂದ ತಣಿಸಿ, ತಣ್ಣಗಿರುವಾಗಲೇ ನಾಲ್ಕು ಎಸಳಿನ ಹೂವಿನಂತಿರುವ ಸತು ಥಾಲೊಸಯನಿನ್ ಅಣುಗಳನ್ನು ಅತಿ ವಿರಳವಾಗಿ ಉದುರಿಸಿ.

ಈಗ ಬೆಳ್ಳಿಯ ಸೂಜಿಯನ್ನು ಬರೀ ಬೆಳ್ಳಿಯ ಮೇಲೆ ನಿಲ್ಲಿಸಿ ಸುಮಾರು 3 ವೋಲ್ಟ್ ಕೊಟ್ಟು ಸ್ಪೆಕ್ಟ್ರಮ್ ನೋಡಿ. ಪ್ಲಾಸ್ಮಾನ್‌ನ (ಲೋಹದ ಎಲೆಕ್ಟ್ರಾನ್‌ಗಳ ಒಟ್ಟು ಓಲಾಟದ) ಅಗಲವಾದ ಉಬ್ಬು 650 ನ್ಯಾನೊಮೀಟರ್ ಸುತ್ತ ಇರಬೇಕು. ಇಲ್ಲವೇ? ತುದಿಯನ್ನು ಸುಮಾರು ಒಂದು ನ್ಯಾನೊಮೀಟರ್ ಬೆಳ್ಳಿಗೆ ಚುಚ್ಚಿ ತೆಗೆದು ಮತ್ತೆ ನೋಡಿ. ಉಬ್ಬು ಸರಿಯಾದ ಜಾಗಕ್ಕೆ ಬರುವ ತನಕ ಅಣುವಿನ ಹತ್ತಿರ ಹೋಗಲೇಬೇಡಿ.

ಅಣುವಿನ ಮೇಲೆ ಮಾದರಿಗೆ −2.5 ವೋಲ್ಟ್, 100 ಪಿಕೊಆಂಪ್ ಸಾಕು. ಫೋಟಾನಿನ ಶಕ್ತಿ ಸುಮಾರು 1.9 ಇವಿ (ಎಲೆಕ್ಟ್ರಾನ್ ವೋಲ್ಟ್), ವೋಲ್ಟೇಜ್ ಅದಕ್ಕಿಂತ ಕಡಿಮೆಯಾದರೆ ಎಲೆಕ್ಟ್ರಾನ್ ಬಳಿ ಕೊಡಲು ಅಷ್ಟು ಶಕ್ತಿಯೇ ಇರುವುದಿಲ್ಲ. ಸೂಜಿಯನ್ನು ಅಣುವಿನ ನಟ್ಟನಡುವಿನಲ್ಲಿ ಇಡದೆ ಒಂದು ಎಸಳಿನ ಅಂಚಿಗೆ ತನ್ನಿ, ನಡುವೆ ಸಮ್ಮಿತಿಯಿಂದಾಗಿ ಬೆಳಕು ಕುಗ್ಗುತ್ತದೆ. ಈ ಕರೆಂಟಿನಲ್ಲಿ ಸೆಕೆಂಡಿಗೆ 62 ಕೋಟಿ ಎಲೆಕ್ಟ್ರಾನ್ ದಾಟುತ್ತವೆ. ಲಕ್ಷಕ್ಕೊಂದು ಫೋಟಾನ್ ಎಂದರೂ ಆರು ಸಾವಿರ, ಅದರಲ್ಲಿ ಲೆನ್ಸ್‌ಗೆ ಸಿಗುವುದು ಒಂದು ಪಾಲು ಮಾತ್ರ. ಹಾಗಾಗಿ ಒಂದೆರಡು ನಿಮಿಷ ಎಕ್ಸ್‌ಪೋಷರ್ ಕೊಡಿ.

ಸುಮಾರು 650 ನ್ಯಾನೊಮೀಟರಿನಲ್ಲಿ ಚೂಪಾದ ರೇಖೆ ಬಂದರೆ ಸೂಜಿಯನ್ನು ನಾಲ್ಕೈದು ನ್ಯಾನೊಮೀಟರ್ ಪಕ್ಕದ ಉಪ್ಪಿನ ಮೇಲೆ ಒಯ್ಯಿರಿ, ರೇಖೆ ಮಾಯವಾಗಬೇಕು. ಅಲ್ಲೂ ಉಳಿದರೆ ಅಣು ತುದಿಗೆ ಅಂಟಿರಬಹುದು, ಬೆಳ್ಳಿಗೆ ವಾಪಸ್ ಹೋಗಿ. ಒಂದೇ ಪಿಕ್ಸೆಲ್‌ನ ಮೊನೆ ಕಾಸ್ಮಿಕ್ ಕಿರಣದ್ದು. ಎರಡು ಸಲ ಅಳೆದರೆ ಗೊತ್ತಾಗುತ್ತದೆ.

ಬಸ್ಸು, ಮೆಟ್ರೊಗಳ ಕಂಪನ ಕಡಿಮೆಯಾಗುವ ನಡುರಾತ್ರಿಯ ನಂತರ ಅಳೆಯಿರಿ. ನಿಯಂತ್ರಕಕ್ಕೆ ಯುಪಿಎಸ್ ಕಡ್ಡಾಯ: ಕರೆಂಟ್ ಒಮ್ಮೆ ಮಿನುಗಿದರೂ ಸೂಜಿ ಡಿಕ್ಕಿ ಹೊಡೆಯಬಹುದು. ವ್ಯಾಕ್ಯೂಮ್ ಪಾತ್ರೆಯ ಕಿಟಕಿಗಳಿಗೆ ಅಲ್ಯುಮಿನಿಯಂ ಫಾಯಿಲ್ ಸುತ್ತಿ, ಒತ್ತಡ ಅಳೆಯುವ ಅಯಾನ್ ಗೇಜ್ ಆಫ್ ಮಾಡಿ. ಅದರ ಫಿಲಮೆಂಟಿನ ಹೊಳಪು ಅಣುವಿನ ಬೆಳಕನ್ನು ಮುಳುಗಿಸಿಬಿಡುತ್ತದೆ.