ರವದಿ ಸುಡದೇ ಮೂರನೇ ಕುಳೆ: ನನ್ನ ಅನುಭವ

ಈ ಸಲ ಮೂರನೇ ಕುಳೆ ಕಬ್ಬು (ಕಡಿದ ಬುಡದಿಂದಲೇ ಮತ್ತೆ ಚಿಗುರಿದ ಬೆಳೆ) ಎಕರೆಗೆ 45 ಟನ್ ಹತ್ತಿರ ತೂಗಿತು. ಇದೇ ಹೊಲದಲ್ಲಿ ರವದಿ, ಅಂದರೆ ಕಡಿದ ಮೇಲೆ ಉಳಿಯುವ ಕಬ್ಬಿನ ಒಣ ಗರಿ, ಸುಡುತ್ತಿದ್ದಾಗ ಎರಡನೇ ಕುಳೆಯೇ 35 ದಾಟುತ್ತಿರಲಿಲ್ಲ. ಮೂರನೆಯದನ್ನು ಇಡುವ ಮಾತೇ ಇರಲಿಲ್ಲ. "ಬೆಂಕಿ ಹಾಕದಿದ್ದರೆ ಕುಳೆ ಏಳೋದಿಲ್ಲ, ನೋಡ್ತಿರು" ಅಂತ ಬದುವಿನ ಮೇಲೆ ನಿಂತು ಹೇಳಿದವರೇ ಈಗ ಮಲ್ಚರ್ (ರವದಿ ಪುಡಿ ಮಾಡುವ ಟ್ರ್ಯಾಕ್ಟರ್ ಯಂತ್ರ) ಬಾಡಿಗೆ ಎಷ್ಟು ಅಂತ ಫೋನ್ ಮಾಡುತ್ತಾರೆ. ಒಬ್ಬೊಬ್ಬರಿಗೇ ಹೇಳಿ ಸಾಕಾಗಿದೆ, ಅದಕ್ಕೇ ಬರೆದೆ.

ನಮ್ಮದು ಕಪ್ಪು ಮಣ್ಣು. ತಳಿ ಕೋ 86032, ಸಾಲಿನ ಅಂತರ ನಾಲ್ಕೂವರೆ ಅಡಿ. ಮೂರಡಿ ಸಾಲು ಬಿಟ್ಟವರಿಗೆ ಇದು ಕಷ್ಟ, ಟ್ರ್ಯಾಕ್ಟರ್ ಗಾಲಿ ಕುಳೆಯ ಮೇಲೆಯೇ ಹತ್ತುತ್ತದೆ.

ಮೊದಲ ವರ್ಷ ಎಲ್ಲರೂ ನಕ್ಕಿದ್ದಕ್ಕೆ ಕಾರಣ ಇತ್ತು. ರವದಿ ಹಾಗೇ ಹಾಸಿ, ಮೇಲೆ ಯೂರಿಯಾ ಎರಚಿ ನೀರು ಬಿಟ್ಟಿದ್ದಾಯಿತು. ತಿಂಗಳಾಗುವಷ್ಟರಲ್ಲಿ ಕುಳೆ ಹಳದಿ. ಹಸಿ ಹುಲ್ಲಲ್ಲ ಅದು, ಒಣ ರವದಿ. ಅದನ್ನು ಕೊಳೆಸುವ ಜೀವಾಣುಗಳು ಮೊದಲು ತಮ್ಮ ಪಾಲಿನ ಸಾರಜನಕ ತಿಂದು, ಉಳಿದರೆ ಬೆಳೆಗೆ ಬಿಡುತ್ತವೆ. ಎರಚಿದ್ದರಲ್ಲಿ ಅರ್ಧ ಗಾಳಿಗೂ ಹೋಗಿರಬೇಕು. ಮೇಲಾಗಿ ಬುಡದ ಮೇಲೆ ರವದಿ ಕೂತಲ್ಲೆಲ್ಲ ಮೊಳಕೆ ಬೆಳಕು ಕಾಣದೆ ಕೊಳೆಯಿತು. ಎಷ್ಟೋ ಕಡೆ ಸಸಿ ತಂದು ಖಾಲಿ ಜಾಗ ತುಂಬಬೇಕಾಯಿತು. ಸಸಿ, ಆಳು, ಹೆಚ್ಚುವರಿ ಗೊಬ್ಬರ ಎಲ್ಲ ಸೇರಿ ಎಕರೆಗೆ ಎಂಟು ಸಾವಿರದಷ್ಟು ಕೈಬಿಟ್ಟಿತು.

ಈಗ ಮಾಡುವುದು ಹೀಗೆ. ಕಟಾವಾದ ಮೂರ್ನಾಲ್ಕು ದಿನದೊಳಗೆ ಬುಡದ ಮೇಲಿನ ರವದಿ ಸಾಲಿನ ನಡುವೆ ಸರಿಸಿ, ಕುಳೆ ನೆಲಮಟ್ಟಕ್ಕೆ ಸವರಬೇಕು. ಸವರುವುದಕ್ಕೆ ಸೋಮಾರಿತನ ಮಾಡಿದರೆ ಚಿಗುರು ಮೇಲಿನ ಕಣ್ಣಿನಿಂದ ಬಂದು ಬೇರು ಬಿಡದೆ ಒಣಗುತ್ತದೆ. ಆಮೇಲೆ ಮಲ್ಚರ್. ಪುಡಿಯಾದ ರವದಿ ಮೇಲೆ ಎಕರೆಗೆ ಹೆಚ್ಚುಕಡಿಮೆ ಒಂದು ಚೀಲ ಯೂರಿಯಾ, ಒಂದು ಚೀಲ ಸೂಪರ್ ಫಾಸ್ಫೇಟ್, ಜೊತೆಗೆ ಕೊಳೆಸುವ ದ್ರಾವಣ ಹಾಕಿ ಅವತ್ತೇ ನೀರು. ಈ ಯೂರಿಯಾ ರವದಿಗೆ, ಕಬ್ಬಿಗಲ್ಲ. ಕಬ್ಬಿನ ಗೊಬ್ಬರ ಬೇರೆ. ಅದನ್ನು ಬುಡದಿಂದ ಒಂದು ಗೇಣು ದೂರ ಹಾರೆಯಿಂದ ತೂತು ಹೊಡೆದು ಮಣ್ಣೊಳಗೇ ಇಡಬೇಕು. ಆಳಿನ ಖರ್ಚು ಜಾಸ್ತಿ ಅನ್ನಿಸುತ್ತದೆ, ಆದರೆ ಗೊಬ್ಬರ ಕಾಲು ಭಾಗ ಉಳಿಯುತ್ತದೆ. ಎರಡನೇ ಸಲದ ತೂತಿಗೆ ನಾನು ಗೊಬ್ಬರದ ಜೊತೆ ಇನ್ನೊಂದನ್ನು ಸೇರಿಸುತ್ತೇನೆ. ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ದ್ರಾವಣದ ಬಗ್ಗೆ ಸುಮ್ನೆ ಒಂದು ಮಾತು. 20 ರೂಪಾಯಿಗೆ ಸಿಗುತ್ತಿದ್ದ ವೇಸ್ಟ್ ಡಿಕಂಪೋಸರ್ (ಕಸ ಕೊಳೆಸುವ ಜೀವಾಣು) ಬಾಟಲಿ, 200 ಲೀಟರ್ ಡ್ರಮ್, ಎರಡು ಕೆಜಿ ಬೆಲ್ಲ ಎಲ್ಲರಿಗೂ ಗೊತ್ತಿರುವ ಲೆಕ್ಕ. ಕೆಲವು ಸಾಲಿಗೆ ಅದನ್ನು, ಕೆಲವು ಸಾಲಿಗೆ ಬರೀ ಸಗಣಿ ರಾಡಿ, ಇನ್ನು ಕೆಲವಕ್ಕೆ ಏನೂ ಹಾಕದೆ ನೋಡಿದೆ. ಮೊದಲ ಎರಡರ ನಡುವೆ ನನ್ನ ಕಣ್ಣಿಗೆ ವ್ಯತ್ಯಾಸ ಕಾಣಲಿಲ್ಲ. ಏನೂ ಹಾಕದ ಸಾಲು ಕೊಳೆಯಲು ಎರಡು ತಿಂಗಳು ಹಿಂದೆ ಬಿತ್ತು. ಮನೆಯಲ್ಲಿ ಎಮ್ಮೆ ಇದ್ದವರು ಬಾಟಲಿ ಹುಡುಕಿಕೊಂಡು ಅಲೆಯಬೇಕಿಲ್ಲ. ರವದಿ ನಡುವೆ ಅಲಸಂದಿ ಹಾಕಿಯೂ ನೋಡಿದೆ. ಕಾಳು ಮನೆಗೆ ಬಂದಿದ್ದಕ್ಕಿಂತ ಇಲಿಗೆ ಹೋಗಿದ್ದೇ ಜಾಸ್ತಿ. ಇಲಿ ಈ ಪದ್ಧತಿಯ ನಿಜವಾದ ತಲೆನೋವು, ಬದು ಚೊಕ್ಕ ಇಡಲೇಬೇಕು.

ಇನ್ನು ಬೆಂಕಿಯ ವಿಷಯ. ನೀವು ಸುಡುವುದು ಬಿಟ್ಟರೆ ಸಾಲದು, ಪಕ್ಕದವರು ಬಿಟ್ಟಿರುವುದಿಲ್ಲವಲ್ಲ! ಮೊದಲ ನೀರು ಬೀಳುವವರೆಗೆ ನಿಮ್ಮ ಹೊಲ ಪೂರ್ತಿ ಒಣ ಹಾಸಿಗೆ. ಎರಡನೇ ವರ್ಷ ಪಕ್ಕದ ಹೊಲದ ಕಿಡಿ ಗಾಳಿಗೆ ಹಾರಿ ನನ್ನ ಒಂದು ಮೂಲೆ ಸುಟ್ಟಿತು. ಡ್ರಿಪ್ ಪೈಪ್ ಕರಗಿ ಹದಿನೈದು ಸಾವಿರದ ಹತ್ತಿರ ನಷ್ಟ. ಜೀವಕ್ಕೆ ಅಪಾಯ ಆಗುವ ಹಾಗೆ ಅಜಾಗರೂಕತೆಯಿಂದ ಬೆಂಕಿ ಹಚ್ಚಿದರೆ ಭಾರತೀಯ ನ್ಯಾಯ ಸಂಹಿತೆಯ 287ನೇ ಕಲಂ ಪ್ರಕಾರ ಆರು ತಿಂಗಳವರೆಗೆ ಜೈಲು, ಇಲ್ಲವೇ 2,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಆದರೆ ಬದು ಹಂಚಿಕೊಂಡವರ ಮೇಲೆ ಯಾರು ಕೇಸ್ ಹಾಕುತ್ತಾರೆ? ಹಿರಿಯರನ್ನು ಕೂರಿಸಿ ಮಾತಾಡಿದೆವು. ಸುಡುವುದೇ ಆದರೆ ಹಿಂದಿನ ದಿನ ಹೇಳಬೇಕು, ಗಾಳಿ ಇಳಿದ ಮೇಲೆ ಹಚ್ಚಬೇಕು, ವಿದ್ಯುತ್ ತಂತಿ ಕೆಳಗೆ ಬೇಡವೇ ಬೇಡ. ನಾನು ಸುತ್ತ ಹತ್ತು ಅಡಿ ಪಟ್ಟಿ ಕೆರೆಸಿ, ಆ ಕಡೆಯ ಸಾಲುಗಳಿಗೇ ಮೊದಲು ನೀರು ಕೊಡುತ್ತೇನೆ. ದೆಹಲಿ ಸುತ್ತಲಿನ ಪ್ರದೇಶದಲ್ಲಿ 2024ರ ನವೆಂಬರಿನಲ್ಲಿ ಬೆಳೆಯ ಕಸ ಸುಟ್ಟರೆ ಹಾಕುವ ದಂಡ ಇಮ್ಮಡಿ ಮಾಡಿದರು. ಎರಡು ಎಕರೆಗಿಂತ ಕಡಿಮೆ ಇದ್ದವರಿಗೆ 5,000, ಐದು ಎಕರೆ ಮೀರಿದವರಿಗೆ 30,000. ಆ ಬಿಸಿ ಇಲ್ಲಿಗೂ ಬರುವ ಮುಂಚೆ ಕೈ ರೂಢಿ ಮಾಡಿಕೊಳ್ಳುವುದು ಒಳ್ಳೆಯದು, ಅಲ್ವಾ?

ಕಟಾವಿಗೆ ಮುಂಚೆಯೇ ಬೆಂಕಿ ಹಾಕಿ ಕೊಡಿ ಅಂತ ಗ್ಯಾಂಗಿನವರು ಕೇಳುತ್ತಾರೆ. ಅವರಿಗೆ ಕಡಿಯುವುದು ಸುಲಭ, ನಮಗೆ ತೂಕ ಹೋಗುತ್ತದೆ. ಸುಟ್ಟ ಕಬ್ಬಿನ ಸಕ್ಕರೆ ಬೇಗ ಕೆಡುವುದರಿಂದ ಕಾರ್ಖಾನೆಯವರೂ ದರ ಮುರಿಯುತ್ತಾರೆ. ಎಕರೆಗೆ ಒಂದಿಷ್ಟು ಜಾಸ್ತಿ ಕೊಟ್ಟು ಹಸಿ ಕಬ್ಬನ್ನೇ ಕಡಿಸಿ. ನನ್ನ ಲೆಕ್ಕದಲ್ಲಿ ಅದು ಎರಡು ಪಟ್ಟು ತಿರುಗಿ ಬಂದಿದೆ.

ದುಡ್ಡಿನ ಲೆಕ್ಕ ನೆನಪಿನಿಂದ ಹೇಳುತ್ತೇನೆ. ಮಲ್ಚರ್ ಬಾಡಿಗೆ ಗಂಟೆಗೆ 1,200ರ ಆಸುಪಾಸು, ಎಕರೆಗೆ ಎರಡು ಗಂಟೆ ಹಿಡಿಯುತ್ತದೆ. ರವದಿ ಸರಿಸುವ ಆಳು, ಯೂರಿಯಾ, ಸೂಪರ್ ಸೇರಿ ಐದು ಸಾವಿರ ಹಿಡಿಯಿರಿ. ಬದಲಿಗೆ ಕಳೆ ತೆಗೆಸುವ ಖರ್ಚು ಮುಕ್ಕಾಲು ಭಾಗ ಉಳಿಯಿತು. ಬೇಸಿಗೆಯಲ್ಲಿ ನೀರಿನ ಪಾಳಿ ಎಂಟು ದಿನದಿಂದ ಹನ್ನೆರಡಕ್ಕೆ ಹೋಯಿತು. ಕರೆಂಟ್ ಕೈಕೊಟ್ಟ ವಾರದಲ್ಲಿ ಇದರ ಬೆಲೆ ಗೊತ್ತಾಗುತ್ತದೆ. ಎಕರೆಗೆ ಮೂರು ನಾಲ್ಕು ಟನ್ ರವದಿ ಬೀಳುತ್ತದೆ, ಅದರಲ್ಲಿನ ಸಾರಜನಕ ಹತ್ತು ಹದಿನೈದು ಕೆಜಿ, ಪೊಟ್ಯಾಷ್ ಅದಕ್ಕೂ ಜಾಸ್ತಿ. ಸುಟ್ಟರೆ ಸಾರಜನಕ ಹೊಗೆಯ ಜೊತೆಗೇ ಹೋಯಿತು.

ಕೆಂಪು ಕೊಳೆ ರೋಗ ಬಂದ ಹೊಲಕ್ಕೆ ಇದ್ಯಾವುದೂ ಬೇಡ, ಅಲ್ಲಿ ಕುಳೆಯನ್ನೇ ಇಡಬಾರದು. ಮಲ್ಚರನ್ನು ಬೆಳಿಗ್ಗೆ ಇಬ್ಬನಿ ಹೊತ್ತಲ್ಲಿ ಕರೆಸಬೇಡಿ. ಹಸಿ ರವದಿ ರೋಟರಿಗೆ ಸುತ್ತಿಕೊಂಡರೆ ಬಿಡಿಸುವುದರಲ್ಲೇ ಬಾಡಿಗೆಯ ಒಂದು ಗಂಟೆ ಹೋಗುತ್ತದೆ. ಹನ್ನೊಂದರ ಮೇಲೆ ಬರಲು ಹೇಳಿ.