ಸ್ವಲ್ಪ ದೋಷ ಇರುವ ವಜ್ರವನ್ನೇ ನೋಡಿ ಆರಿಸಿದೆ: ನನ್ನ ಅನುಭವ

ಬೆಂಗಳೂರಿನಲ್ಲಿ ವಜ್ರದ ಅಂಗಡಿಗೆ ಹೋದರೆ ಮೊದಲು ಕಿವಿಗೆ ಬೀಳುವ ಮಾತು 'ವಿವಿಎಸ್, ಇ-ಎಫ್'. ಅಂದರೆ ಕ್ಲಾರಿಟಿ (ಕಲ್ಲಿನಲ್ಲಿ ಎಷ್ಟು ದೋಷ ಇದೆ ಅನ್ನುವ ದರ್ಜೆ) ವಿವಿಎಸ್, ಅಂದರೆ ತೀರಾ ತೀರಾ ಸಣ್ಣ ದೋಷ. ಬಣ್ಣ ಇ ಅಥವಾ ಎಫ್, ಅಂದರೆ ಬಣ್ಣವೇ ಇಲ್ಲದ್ದು. ಅದಕ್ಕಿಂತ ಕೆಳಗಿನದು ತೋರಿಸಿ ಅಂದರೆ ಸೇಲ್ಸ್‌ನವರು ಒಂಥರಾ ನೋಡುತ್ತಾರೆ. ನಾನು ಕೇಳಿದ್ದು ಎಸ್‌ಐ, ಅಂದರೆ ಸ್ವಲ್ಪ ದೋಷ ಇರುವ ದರ್ಜೆ. ನನಗಾಗಿ ಒಂದು ಉಂಗುರ, ಒಂಟಿ ಕಲ್ಲು, ಮುಕ್ಕಾಲು ಕ್ಯಾರೆಟ್ ಆಸುಪಾಸು, ದುಂಡು ಕಟ್. ನನ್ನ ಹತ್ತಿರ ಇದ್ದ ದುಡ್ಡಿಗೆ ವಿವಿಎಸ್ ಅಂತ ಹಟ ಹಿಡಿದರೆ ಕಲ್ಲು ಚಿಕ್ಕದಾಗುತ್ತಿತ್ತು. ಇಲ್ಲವೇ ಕಟ್‌ನಲ್ಲಿ, ಅಂದರೆ ಕಲ್ಲಿನ ಮುಖಗಳನ್ನು ಕತ್ತರಿಸಿದ ಗುಣಮಟ್ಟದಲ್ಲಿ, ರಾಜಿ ಆಗಬೇಕಿತ್ತು. ಕಟ್‌ನಲ್ಲಿ ಮಾತ್ರ ರಾಜಿ ಬೇಡ ಅಂತ ಮೊದಲೇ ತೀರ್ಮಾನಿಸಿದ್ದೆ. ಹೊಳಪು ಬರುವುದು ಮುಖ್ಯವಾಗಿ ಅಲ್ಲಿಂದ. ಕ್ಲಾರಿಟಿ ತೀರಾ ಕೆಟ್ಟದಾಗಿದ್ದರೆ ಆ ಹೊಳಪನ್ನು ಕೆಡಿಸುತ್ತದೆ, ಅಷ್ಟೆ.

ಅಮ್ಮನಿಗೆ ಇದು ಇಷ್ಟವಾಗಲಿಲ್ಲ. 'ಚುಕ್ಕೆ ಇರೋ ಕಲ್ಲು ಮನೆಗೆ ಆಗಿ ಬರಲ್ಲ' ಅಂದರು. ಹಳೆಯ ರತ್ನಶಾಸ್ತ್ರದಲ್ಲಿ ವಜ್ರದ ದೋಷಗಳ ಪಟ್ಟಿಯೇ ಇದೆ. ಕಾಕಪದ, ಬಿಂದು, ರೇಖೆ ಅಂತೆಲ್ಲ. ಶುಭ-ಅಶುಭದ ಮಾತು ಬಿಟ್ಟರೂ, ನೋಡಿದವರು ಚೆನ್ನಾಗಿಯೇ ನೋಡಿದ್ದಾರೆ. ಚುಕ್ಕೆ, ಗೆರೆ, ಕಾಗೆಕಾಲು ಅಂತ ಒಂದೊಂದನ್ನೂ ಬೇರೆ ಮಾಡಿ ಹೇಳಿದ್ದಾರೆ. ಇವತ್ತಿನ ಗ್ರೇಡ್ ಅದನ್ನೆಲ್ಲ ಸೇರಿಸಿ ಎರಡು ಅಕ್ಷರ, ಒಂದು ಅಂಕಿಗೆ ಇಳಿಸುತ್ತದೆ. ತೊಂದರೆ ಶುರುವಾಗುವುದೂ ಅಲ್ಲೇ.

ವಜ್ರಗಳನ್ನು ಪರೀಕ್ಷಿಸಿ ಗ್ರೇಡ್ ಕೊಡುವ ಅಮೆರಿಕದ ಜಿಐಎ ಸಂಸ್ಥೆಯ ಅಳತೆಗೋಲಿನಲ್ಲಿ ಕ್ಲಾರಿಟಿಗೆ ಒಟ್ಟು 11 ಮೆಟ್ಟಿಲು. ಮೇಲೆ ಎಫ್‌ಎಲ್ (ದೋಷವೇ ಇಲ್ಲದ್ದು), ಐಎಫ್ (ಒಳಗೆ ದೋಷ ಇಲ್ಲದ್ದು). ಆಮೇಲೆ ವಿವಿಎಸ್, ವಿಎಸ್, ಎಸ್‌ಐ, ಇವುಗಳಲ್ಲಿ ಎರಡೆರಡು. ಕೊನೆಗೆ ಐ-1, ಐ-2, ಐ-3. ಎಲ್ಲವನ್ನೂ ಅಳೆಯುವುದು 10 ಪಟ್ಟು ದೊಡ್ಡದಾಗಿ ನೋಡಿ. ವಿವಿಎಸ್ ಅಂದರೆ ಪಳಗಿದವರಿಗೂ 10 ಪಟ್ಟಿನಲ್ಲಿ ಕಷ್ಟಪಟ್ಟರೆ ಕಾಣುವಂಥದ್ದು. ಎಸ್‌ಐ ಅಂದರೆ ಅವರಿಗೆ ಸುಲಭವಾಗಿ ಕಾಣುವಂಥದ್ದು. ಬರಿಗಣ್ಣಿಗೆ ಕಾಣುತ್ತದೋ ಇಲ್ಲವೋ ಅಂತ ಗ್ರೇಡ್ ಹೇಳುವುದೇ ಇಲ್ಲ! ಉಂಗುರ ಹಾಕಿಕೊಳ್ಳುವವಳಿಗೆ ಬೇಕಾದ್ದು ಅದೇ ತಾನೇ? ಇನ್ನೊಂದು ವಿಷಯ: ಕೆಲವು ಕಡೆ 'ಎಸ್‌ಐ-3' ಅಂತ ಹೇಳುತ್ತಾರೆ. ವ್ಯಾಪಾರದ ಬೆಲೆಪಟ್ಟಿಯಲ್ಲಿ ಅದು ಇದೆ, ಜಿಐಎ ಅಳತೆಯಲ್ಲಿ ಇಲ್ಲ. ಆ ಮಾತು ಬಂದ ಕೂಡಲೇ ನಾನು ಅದನ್ನು ಐ-1 ಅಂತಲೇ ಎಣಿಸಿದೆ.

ಗ್ರೇಡ್ ಹಾಕುವಾಗ ಐದು ಸಂಗತಿ ನೋಡುತ್ತಾರೆ. ದೋಷ ಎಷ್ಟು ದೊಡ್ಡದು, ಎಷ್ಟಿವೆ, ಎಲ್ಲಿದೆ, ಎಂಥದ್ದು, ಸುತ್ತಲಿನ ಕಲ್ಲಿಗಿಂತ ಎಷ್ಟು ಎದ್ದು ಕಾಣುತ್ತದೆ. ಕೊಳ್ಳುವಾಗ ನಾನು ಇದೇ ಲೆಕ್ಕವನ್ನು ಬಿಚ್ಚಿ ಹಿಂದಕ್ಕೆ ಓದಿದೆ. ಒಂದೇ ಎಸ್‌ಐ-1 ಗ್ರೇಡಿನ ಎರಡು ಕಲ್ಲು ಎರಡು ಬೇರೆ ಬೇರೆ ಕಾರಣಕ್ಕೆ ಆ ಗ್ರೇಡಿಗೆ ಬಂದಿರುತ್ತವೆ. ನನಗೆ ಬೇಕಿದ್ದದ್ದು ಕಾರಣ.

ಲೂಪ್, ಅಂದರೆ ಕಣ್ಣಿಗೆ ಹಿಡಿದು ನೋಡುವ ಪುಟ್ಟ ಭೂತಗನ್ನಡಿ, ನಾನೇ ಕೊಂಡೆ. 10 ಪಟ್ಟಿನ ಟ್ರಿಪ್ಲೆಟ್, ಅಂದರೆ ಒಳಗೆ ಮೂರು ಗಾಜು ಸೇರಿಸಿದ್ದು. 30 ಪಟ್ಟು ಅಂತ ಅಚ್ಚು ಹಾಕಿದ ಅಗ್ಗದ ಲೂಪ್‌ಗಳು ಬೇಡ. ಅದರಲ್ಲಿ ಕಾಣುವ ಜಾಗ ತುಂಬಾ ಚಿಕ್ಕದು, ಫೋಕಸ್ ಹಿಡಿಯೋದು ಕಷ್ಟ, ಸುಮ್ನೆ ತಲೆನೋವು. ಹಿಡಿಯುವ ರೀತಿ ಬಂದರೆ ಅರ್ಧ ಕೆಲಸ ಆದಂತೆ. ಲೂಪ್ ಕಣ್ಣಿಗೆ ತಾಗುವಷ್ಟು ಹತ್ತಿರ ಇರಬೇಕು. ಕಲ್ಲನ್ನು ಲೂಪಿನ ಕಡೆಗೆ ತರಬೇಕು, ಎರಡರ ನಡುವೆ ಒಂದು ಇಂಚು. ಮೊಣಕೈ ಕೌಂಟರ್ ಮೇಲೆ, ಎರಡೂ ಕೈ ಒಂದಕ್ಕೊಂದು ತಾಗಿರಬೇಕು, ಇಲ್ಲದಿದ್ದರೆ ನಡುಗುತ್ತದೆ. ಇನ್ನೊಂದು ಕಣ್ಣು ಮುಚ್ಚಬೇಡಿ, ಬೇಗ ಆಯಾಸ ಆಗುತ್ತದೆ. ಕಲ್ಲನ್ನು ಚಿಮಟದಲ್ಲಿ ಸೊಂಟಕ್ಕೆ ಹಿಡಿಯಬೇಕು. ಸೊಂಟ ಅಂದರೆ ಗರ್ಡಲ್, ಮೇಲಿನ ಅರ್ಧ ಮತ್ತು ಕೆಳಗಿನ ಅರ್ಧ ಸೇರುವ ಅಂಚು.

ಮೊದಲು ಕಲ್ಲನ್ನು ಒರೆಸಿ. ವಜ್ರಕ್ಕೆ ಜಿಡ್ಡು ಅಂಟಿಕೊಳ್ಳುವುದು ಜಾಸ್ತಿ, ಅದರ ಮೇಲೆ ಧೂಳು ಕೂರುತ್ತದೆ. ಲೂಪಿನಲ್ಲಿ ಆ ಧೂಳು ಭಯಂಕರ ದೋಷದ ಹಾಗೆಯೇ ಕಾಣುತ್ತದೆ. ಒರೆಸಿದ ಮೇಲೆ ಜಾಗ ಬದಲಾದರೆ ಅದು ಧೂಳು. ಆಮೇಲೆ ನೋಡುವ ಕ್ರಮ: ಮೊದಲು ಮೇಲಿನ ದೊಡ್ಡ ಚಪ್ಪಟೆ ಮುಖದಿಂದ, ಅದನ್ನು ಟೇಬಲ್ ಅನ್ನುತ್ತಾರೆ. ಮತ್ತೆ ಕಲ್ಲನ್ನು ನಿಧಾನಕ್ಕೆ ಓರೆ ಮಾಡುತ್ತಾ ಸುತ್ತಲಿನ ಮುಖಗಳಿಂದ. ಮತ್ತೆ ಪಕ್ಕದಿಂದ, ಗರ್ಡಲ್ ಪೂರ್ತಿ ಒಂದು ಸುತ್ತು. ಕೊನೆಗೆ ತಲೆಕೆಳಗು.

ಬರಿಗಣ್ಣಿನ ಪರೀಕ್ಷೆಗೆ ಅಂಗಡಿಯ ಬೆಳಕು ದೊಡ್ಡ ಶತ್ರು. ಕೌಂಟರ್ ಮೇಲಿನ ಸ್ಪಾಟ್‌ಲೈಟ್‌ನಲ್ಲಿ ಯಾವ ಕಲ್ಲಾದರೂ ಕಿಡಿ ಕಾರುತ್ತದೆ, ಆ ಕಿಡಿಯ ಹಿಂದೆ ಎಲ್ಲವೂ ಮುಚ್ಚಿಹೋಗುತ್ತದೆ. ಹಾಗಾಗಿ ಕಲ್ಲನ್ನು ಬಾಗಿಲ ಹತ್ತಿರ, ನೇರ ಬಿಸಿಲು ಬೀಳದ ಕಡೆ ತೋರಿಸಲು ಕೇಳಿದೆ. ಒಂದು ಕಡೆ ಒಪ್ಪಲಿಲ್ಲ. ಬಿಡಿ ಕಲ್ಲನ್ನು ಕೌಂಟರ್ ದಾಟಿಸಲು ಅವರಿಗೆ ಭಯ, ಅದು ಸಹಜವೇ. ಆಗ ಮೇಲಿನ ಬೆಳಕಿಗೆ ನನ್ನ ಅಂಗೈ ಅಡ್ಡ ಹಿಡಿದು ನೆರಳಿನಲ್ಲಿ ನೋಡಿದೆ. ಅದೂ ಸಾಕಾಗುತ್ತದೆ. ಬಿಳಿ ವಿಸಿಟಿಂಗ್ ಕಾರ್ಡನ್ನು ವಿ ಆಕಾರಕ್ಕೆ ಮಡಚಿ, ಕಲ್ಲನ್ನು ಅದರ ಮಡಿಕೆಯಲ್ಲಿಟ್ಟು, ಪುಸ್ತಕ ಓದುವಷ್ಟು ದೂರದಿಂದ ನೋಡಬೇಕು. ಚಾಳೀಸು ಇರುವವರು ಕನ್ನಡಕ ಹಾಕಿಕೊಂಡೇ ನೋಡಿ. ಇಲ್ಲದಿದ್ದರೆ ಎಲ್ಲ ಕಲ್ಲೂ ನಿರ್ದೋಷಿಯೇ.

ಈಗ ಟ್ರೇಯಲ್ಲಿ ಕಂಡಿದ್ದನ್ನು ಹೇಳುತ್ತೇನೆ. ಒಂದು ಎಸ್‌ಐ-1 ಕಲ್ಲಿನಲ್ಲಿ ಟೇಬಲ್ ಕೆಳಗೆ, ಹೆಚ್ಚುಕಡಿಮೆ ನಡುವೆಯೇ, ಒಂದು ಕಪ್ಪು ಹರಳು. ಅಂಗಡಿಯವರು ಇದನ್ನು 'ಕಾರ್ಬನ್ ಸ್ಪಾಟ್' ಅನ್ನುತ್ತಾರೆ. ನಿಜದಲ್ಲಿ ಎಲ್ಲವೂ ಇಂಗಾಲವಲ್ಲ, ಕಲ್ಲು ಬೆಳೆಯುವಾಗ ಒಳಗೆ ಸಿಕ್ಕಿಬಿದ್ದ ಬೇರೆ ಖನಿಜವೂ ಇರಬಹುದು. ಇರುವುದು ಒಂದೇ ಚುಕ್ಕೆ. ಆದರೆ ಅದು ಆಳದಲ್ಲಿ ಇತ್ತು, ಕೆಳಗಿನ ಮುಖಗಳು ಅದನ್ನು ಕನ್ನಡಿಗಳಂತೆ ಪ್ರತಿಫಲಿಸುತ್ತಿದ್ದವು. ಸ್ವಲ್ಪ ಓರೆ ಮಾಡಿದರೆ ಸುತ್ತಲೂ ಅದೇ ಚುಕ್ಕೆ ಹಲವು ಕಡೆ. ಸರ್ಟಿಫಿಕೇಟ್‌ನಲ್ಲಿ ಬರೆದಿರುವುದು 'ಕ್ರಿಸ್ಟಲ್' ಅನ್ನುವ ಒಂದೇ ಪದ. ಓದಿದರೆ ನಿರುಪದ್ರವಿ ಕಲ್ಲು ಅನ್ನಿಸುತ್ತದೆ.

ಇನ್ನೊಂದು ಕಲ್ಲಿನಲ್ಲಿ ಕಣ್ಣಿಗೆ ಚುಕ್ಕೆ ಗೆರೆ ಏನೂ ಇಲ್ಲ. ಲೂಪಿನಲ್ಲೂ ಮೊದಲ ನೋಟಕ್ಕೆ ಏನೂ ಸಿಗಲಿಲ್ಲ. ಬೆಲೆಯೂ ಕಡಿಮೆ. ಸೇಲ್ಸ್‌ನ ಹುಡುಗ ಇದನ್ನೇ ತೆಗೆದುಕೊಳ್ಳಿ ಅಂತ ಒತ್ತಾಯಿಸಿದ. ಪಕ್ಕದಲ್ಲಿ ಒಂದು ವಿಎಸ್ ಕಲ್ಲು ಇಡಿಸಿ, ಎರಡನ್ನೂ ನೆರಳಿನಲ್ಲಿ ನೋಡಿದೆ. ಆಗ ಗೊತ್ತಾಯಿತು. ಎಣ್ಣೆ ಕೈ ತಾಗಿದ ಕನ್ನಡಕದ ಗಾಜಿನ ಹಾಗೆ ಇದರಲ್ಲಿ ಒಂದು ಮಂಕು. ಇದು ಕ್ಲೌಡ್. ಒಂದೊಂದಾಗಿ ಕಾಣದಷ್ಟು ಸಣ್ಣ ಬಿಂದುಗಳು ಗುಂಪಾಗಿ, ಕಲ್ಲಿನ ಬಹುಭಾಗ ಹರಡಿಕೊಂಡಿರುತ್ತವೆ. ಕ್ಲೌಡ್ ಅಂದರೆ ಎಲ್ಲವೂ ಕೆಟ್ಟದ್ದು ಅಂತಲ್ಲ. ಚಿಕ್ಕ ಕ್ಲೌಡ್ ಇದ್ದರೆ ಏನೂ ಆಗುವುದಿಲ್ಲ. ಆದರೆ ಎಸ್‌ಐ ಗ್ರೇಡ್ ಬಂದಿರುವುದೇ ಕ್ಲೌಡ್‌ನಿಂದ ಅಂದರೆ ಜಾಗ್ರತೆ. ಅದು ಕಲ್ಲಿನ ಪಾರದರ್ಶಕತೆಯನ್ನೇ ತಿನ್ನುತ್ತದೆ. ಚುಕ್ಕೆಯನ್ನು ಉಂಗುರದ ಅಂಚಿನಲ್ಲಿ ಮರೆಮಾಡಬಹುದು, ಮಂಕನ್ನು ಎಲ್ಲಿ ಮರೆಮಾಡುತ್ತೀರಿ?

ಇಲ್ಲಿ ಸರ್ಟಿಫಿಕೇಟ್ ಓದಲು ಬರಬೇಕು. ಜಿಐಎಯ ಪೂರ್ತಿ ವರದಿಯಲ್ಲಿ ಕಲ್ಲಿನ ನಕ್ಷೆ ಇರುತ್ತದೆ. ಕೆಂಪಿನಲ್ಲಿ ಒಳಗಿನ ದೋಷ, ಹಸಿರಿನಲ್ಲಿ ಮೇಲ್ಮೈಯ ದೋಷ. ಚಿಕ್ಕ ಕಲ್ಲಿಗೆ ಸಾಮಾನ್ಯವಾಗಿ ಸಿಗುವುದು ಡೋಸಿಯೇ ಅನ್ನುವ ವರದಿ. ಅದರಲ್ಲಿ ನಕ್ಷೆ ಇಲ್ಲ, ದೋಷಗಳ ಹೆಸರು ಮಾತ್ರ. ಸಾಮಾನ್ಯವಾಗಿ ಮೊದಲು ಬರೆದ ಹೆಸರೇ ಗ್ರೇಡಿಗೆ ಮುಖ್ಯ ಕಾರಣ. ಪೂರ್ತಿ ವರದಿಯಾದರೆ ಕೆಳಗಿನ ಟಿಪ್ಪಣಿಯನ್ನು ಬಿಡದೆ ಓದಿ. ಗ್ರೇಡ್ ಕೊಟ್ಟಿರುವುದು ನಕ್ಷೆಯಲ್ಲಿ ತೋರಿಸದ ಕ್ಲೌಡ್‌ಗಳ ಆಧಾರದ ಮೇಲೆ ಅಂತ ಒಂದು ಸಾಲು ಕೆಲವೊಮ್ಮೆ ಇರುತ್ತದೆ. ನಕ್ಷೆ ಶುಭ್ರವಾಗಿದೆ, ಗ್ರೇಡ್ ಮಾತ್ರ ಎಸ್‌ಐ-2 ಅಂದರೆ ಖುಷಿಪಡಬೇಡಿ. ಉತ್ತರ ಆ ಸಾಲಿನಲ್ಲಿದೆ.

ನಾನು ಕೊಂಡ ಕಲ್ಲಿನಲ್ಲಿ ಇರುವುದು ಬಣ್ಣವಿಲ್ಲದ ಒಂದು ಹರಳು ಮತ್ತು ಒಂದು ಸಣ್ಣ ಫೆದರ್. ಫೆದರ್ ಅಂದರೆ ಒಳಗಿನ ಬಿರುಕು, ಬೆಳಕಿಗೆ ಬಿಳಿಯಾಗಿ ಗರಿಯಂತೆ ಕಾಣುವುದರಿಂದ ಆ ಹೆಸರು. ಎರಡೂ ಟೇಬಲ್‌ನಿಂದ ಆಚೆ, ಅಂಚಿನ ಕಡೆ. ಬಿರುಕು ಅಂದಾಗ ಎಲ್ಲರೂ ಹೆದರುತ್ತಾರೆ. ಹೆದರಬೇಕಾದ್ದು ಅದು ಮೇಲ್ಮೈಗೆ ಬಂದು ಮುಟ್ಟಿದಾಗ, ಅದರಲ್ಲೂ ಗರ್ಡಲ್ ತೆಳ್ಳಗಿರುವ ಕಡೆ ಮುಟ್ಟಿದಾಗ. ವಜ್ರ ಗಟ್ಟಿ ನಿಜ, ಇನ್ನೊಂದು ವಜ್ರ ಉಜ್ಜದ ಹೊರತು ಗೀರು ಬೀಳುವುದಿಲ್ಲ. ಆದರೆ ಕೆಲವು ದಿಕ್ಕಿನಲ್ಲಿ ಪೆಟ್ಟು ಬಿದ್ದರೆ ಸೀಳುತ್ತದೆ. ಉಂಗುರದ ಕೈ ದಿನವೂ ಪಾತ್ರೆ, ಬಾಗಿಲು, ಸ್ಕೂಟರ್ ಹ್ಯಾಂಡಲ್‌ಗೆ ತಗಲುತ್ತಲೇ ಇರುತ್ತದೆ. ನನ್ನ ಕಲ್ಲಿನ ಫೆದರ್ ಪೂರ್ತಿ ಒಳಗೇ ಮುಗಿಯುತ್ತದೆ. ಗರ್ಡಲ್ ಒಂದು ಸುತ್ತು ಲೂಪಿನಲ್ಲಿ ನೋಡಿ, ಎಲ್ಲೂ ಗೆರೆ ಹೊರಗೆ ಬಂದಿಲ್ಲ ಅಂತ ಖಾತ್ರಿ ಆದ ಮೇಲೆಯೇ ಹೂಂ ಅಂದೆ.

ಬಿರುಕಿನ ವಿಷಯದಲ್ಲಿ ಇನ್ನೊಂದು ಪರೀಕ್ಷೆ ಇದೆ. ಕೆಲವು ಕಲ್ಲುಗಳ ಬಿರುಕಿಗೆ ಗಾಜಿನಂಥ ವಸ್ತು ತುಂಬಿ ಮುಚ್ಚಿರುತ್ತಾರೆ. ಲೂಪಿನಲ್ಲಿ ಓರೆಯಾಗಿ ತಿರುಗಿಸುವಾಗ ಆ ಜಾಗದಲ್ಲಿ ಕಿತ್ತಳೆ, ನೇರಳೆ ಅಥವಾ ನೀಲಿ ಬಣ್ಣ ಪಕ್ಕನೆ ಮಿಂಚಿ ಮಾಯವಾಗುತ್ತದೆ. ಅಂಥದ್ದನ್ನು ಮುಟ್ಟಲೇಬೇಡಿ. ಮುಂದೆ ಯಾವತ್ತಾದರೂ ಅಕ್ಕಸಾಲಿಗರು ಬೆಸುಗೆ ಹಾಕುವಾಗ ಬಿಸಿಗೆ ಒಳಗಿನದು ಹಾಳಾಗುತ್ತದೆ. ಇಂಥ ಕಲ್ಲಿಗೆ ಜಿಐಎ ಗ್ರೇಡೇ ಕೊಡುವುದಿಲ್ಲ. ಕಪ್ಪು ಚುಕ್ಕೆಯವರೆಗೆ ಲೇಸರ್‌ನಿಂದ ರಂಧ್ರ ಕೊರೆದು ಬಿಳಿ ಮಾಡುವುದೂ ಉಂಟು. ಅಂಥದ್ದಕ್ಕೆ ಗ್ರೇಡ್ ಕೊಡುತ್ತಾರೆ, ವರದಿಯಲ್ಲಿ ಬರೆದಿರುತ್ತಾರೆ.

ನನ್ನ ಮಾತು ದುಂಡು ಕಟ್‌ಗೆ ಅನ್ವಯ. ಎಮರಾಲ್ಡ್ ಕಟ್ ಥರದ, ಮೆಟ್ಟಿಲು ಮೆಟ್ಟಿಲಾಗಿ ಉದ್ದ ಮುಖಗಳಿರುವ ಕಲ್ಲಿಗೆ ಎಸ್‌ಐ ನಾನು ಹೇಳುವುದಿಲ್ಲ. ಅದರಲ್ಲಿ ಕಿಡಿ ಕಡಿಮೆ, ಒಳಗಿರುವುದೆಲ್ಲ ನೇರ ಕಾಣುತ್ತದೆ. ಅಲ್ಲಿ ವಿಎಸ್ ಬೇಕು. ಓಲೆಗಾದರೆ ಇನ್ನೂ ಸಡಿಲ ಬಿಡಬಹುದು. ಕಿವಿಯನ್ನು ಯಾರೂ ಒಂದಡಿ ದೂರದಿಂದ ದಿಟ್ಟಿಸುವುದಿಲ್ಲ, ಪೆಟ್ಟೂ ಬೀಳುವುದಿಲ್ಲ.

ನನಗೆ ಅರ್ಥವಾಗದ್ದು ಏಳು ಕಲ್ಲಿನ ಓಲೆಗೂ, ಚೂರು ಚೂರು ಕಲ್ಲಿನ ನೆಕ್ಲೇಸಿಗೂ ವಿವಿಎಸ್ ಅಂತ ದುಡ್ಡು ಸುರಿಯುವುದು. ಮೂರು ಸೆಂಟ್ಸ್ (ನೂರು ಸೆಂಟ್ಸ್ ಸೇರಿದರೆ ಒಂದು ಕ್ಯಾರೆಟ್) ಕಲ್ಲಿನಲ್ಲಿ ವಿವಿಎಸ್ ಮತ್ತು ವಿಎಸ್ ನಡುವಿನ ವ್ಯತ್ಯಾಸವನ್ನು ಬರಿಗಣ್ಣಿನಲ್ಲಿ ಯಾರು ನೋಡಲು ಸಾಧ್ಯ? ಅಲ್ಲಿ ದುಡ್ಡು ಹಾಕಬೇಕಾದ್ದು ಎಲ್ಲ ಕಲ್ಲಿನ ಬಣ್ಣ ಒಂದೇ ಥರ ಇರುವುದಕ್ಕೆ. ಅಮ್ಮನ ಹಳೆಯ ಏಳು ಕಲ್ಲಿನ ಓಲೆಯನ್ನು ನನ್ನ ಲೂಪಿನಲ್ಲಿ ಅವರಿಗೇ ತೋರಿಸಿದೆ. ಒಂದರಲ್ಲಿ ಸ್ಪಷ್ಟವಾಗಿ ಕಪ್ಪು ಚುಕ್ಕೆ, ಇನ್ನೊಂದರ ಅಂಚಿನಲ್ಲಿ ಚಿಕ್ಕ ಮುಕ್ಕು. ಇಷ್ಟು ವರ್ಷ ಮನೆಗೆ ಆಗಿಬಂದ ಓಲೆ ಅದು! ಅಮ್ಮ ಲೂಪ್ ವಾಪಸ್ ಕೊಟ್ಟು, 'ಅದು ನಮ್ಮತ್ತೆ ಕೊಟ್ಟಿದ್ದು, ಅದರ ಮಾತೇ ಬೇರೆ' ಅಂದರು. ವಾದ ಅಲ್ಲಿಗೆ ಮುಗಿಯಿತು.

ತೂಕದ ವಿಷಯ ಒಂದು ಮಾತು. ನನ್ನ ಕಲ್ಲು 68 ಸೆಂಟ್ಸ್. ಬೆಲೆಪಟ್ಟಿಯಲ್ಲಿ 50ರಿಂದ 69 ಸೆಂಟ್ಸ್ ಒಂದು ಗುಂಪು, 70ರಿಂದ 89 ಇನ್ನೊಂದು. 70 ದಾಟಿದ ಕೂಡಲೇ ಪ್ರತಿ ಕ್ಯಾರೆಟ್ ದರವೇ ಮೇಲಕ್ಕೆ ಹಾರುತ್ತದೆ. ಎರಡು ಸೆಂಟ್ಸ್ ವ್ಯತ್ಯಾಸ ಬೆರಳ ಮೇಲೆ ಯಾರಿಗೂ ಕಾಣಲ್ಲ. ಹಾಗೆ ಉಳಿದದ್ದನ್ನು ಕಟ್‌ಗೆ ಹಾಕಿದೆ. ಬಣ್ಣ ಜಿ, ಅಂದರೆ ಎಫ್‌ಗಿಂತ ಒಂದು ಮೆಟ್ಟಿಲು ಕೆಳಗೆ, ಚಿನ್ನದಲ್ಲಿ ಕೂರಿಸಿದ ಮೇಲೆ ಬಿಳಿಯಾಗಿಯೇ ಕಾಣುತ್ತದೆ. ಲ್ಯಾಬ್‌ನಲ್ಲಿ ಬೆಳೆಸಿದ ಕಲ್ಲಾದರೆ ಇದರ ಒಂದು ಪಾಲಿನ ದುಡ್ಡಿಗೆ ವಿವಿಎಸ್ಸೇ ಬರುತ್ತಿತ್ತು ಅಂತ ನಮ್ಮನೆಯವರು ಈಗಲೂ ಹೇಳುತ್ತಾರೆ. ಸರಿಯಾದ ಮಾತೇ. ನನಗೆ ನೆಲದಿಂದ ಬಂದದ್ದೇ ಬೇಕಿತ್ತು, ಅದಕ್ಕೆ ತರ್ಕ ಇಲ್ಲ.

ಕಲ್ಲು ಕೂರಿಸುವ ಮುಂಚೆ ಕಲ್ಲು ಕಟ್ಟುವವರ ಹತ್ತಿರ ನಾನೇ ಕೂತು ಮಾತಾಡಿದೆ. ಉಂಗುರಕ್ಕೆ ಆರು ಪ್ರಾಂಗ್, ಅಂದರೆ ಕಲ್ಲನ್ನು ಹಿಡಿಯುವ ಚಿನ್ನದ ಉಗುರು. ಒಂದು ಉಗುರು ಆ ಹರಳಿನ ಮೇಲೆ ಬರಲಿ, ಫೆದರ್ ಇರುವ ಕಡೆ ಮಾತ್ರ ಉಗುರು ಒತ್ತುವುದು ಬೇಡ ಅಂದೆ. ಅವರು ಲೂಪ್ ಹಾಕಿ ನೋಡಿ, ಮಾರ್ಕರ್‌ನಲ್ಲಿ ಗರ್ಡಲ್ ಹತ್ತಿರ ಒಂದು ಗುರುತು ಮಾಡಿಕೊಂಡರು. ಇದನ್ನೆಲ್ಲ ಕೇಳುವ ಗಿರಾಕಿ ಕಡಿಮೆ ಅಂತ ನಕ್ಕರು. ಕೂರಿಸಿದ ಮೇಲೆ ಹರಳು ಉಗುರಿನ ಕೆಳಗೆ ಹೋಗಿದೆ. ಫೆದರ್ ಎಲ್ಲಿದೆ ಅಂತ ಗೊತ್ತಿರುವ ನನಗೂ ಲೂಪ್ ಇಲ್ಲದೆ ಸಿಗುವುದಿಲ್ಲ.

ಕೂರಿಸುವ ಮೊದಲು ಮತ್ತು ಆದ ಮೇಲೆ, ಎರಡು ಸಲವೂ ಗರ್ಡಲ್ ಮೇಲೆ ಲೇಸರ್‌ನಲ್ಲಿ ಕೊರೆದ ನಂಬರನ್ನು ವರದಿಯ ನಂಬರ್ ಜೊತೆ ತಾಳೆ ನೋಡಿದೆ. 10 ಪಟ್ಟಿನಲ್ಲಿ ಅದು ಕೂದಲೆಳೆ ಗಾತ್ರಕ್ಕೆ ಕಾಣುತ್ತದೆ, ತಾಳ್ಮೆ ಬೇಕು. ಉಗುರು ಆ ನಂಬರಿನ ಮೇಲೆ ಕೂರದ ಹಾಗೆ ಮೊದಲೇ ಹೇಳಿಡಿ. ಬಿಲ್‌ನಲ್ಲಿ ತೂಕ, ಬಣ್ಣ, ಕ್ಲಾರಿಟಿ, ವರದಿಯ ನಂಬರ್, ನೈಸರ್ಗಿಕ ಕಲ್ಲು ಅನ್ನುವ ಮಾತು, ಎಲ್ಲ ಬರೆಸಿಕೊಂಡೆ. ವಾಪಸ್ ಕೊಳ್ಳುವ ಶರತ್ತನ್ನೂ ಬರೆಸಿ. ಕೆಲವು ಅಂಗಡಿಗಳಲ್ಲಿ ವಿವಿಎಸ್‌ಗೆ ಒಂದು ಲೆಕ್ಕ, ಎಸ್‌ಐಗೆ ಬೇರೆ ಲೆಕ್ಕ. ಬಾಯಲ್ಲಿ ಹೇಳುವುದು ಮೊದಲಿನದ್ದು. ತೊಳೆಯಲು ಮಷಿನ್ ಬೇಡ ಅಂತಲೂ ಅಂಗಡಿಯಲ್ಲಿ ಹೇಳಿದ್ದೇನೆ, ಬಿರುಕಿರುವ ಕಲ್ಲಿಗೆ ಅಲ್ಟ್ರಾಸೋನಿಕ್ ಮಷಿನ್‌ನ ಕಂಪನ ಒಳ್ಳೆಯದಲ್ಲ. ಉಗುರುಬೆಚ್ಚಗಿನ ನೀರು, ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಹನಿ, ಮೆತ್ತನೆ ಬ್ರಷ್. ಮುಖ್ಯವಾಗಿ ಕಲ್ಲಿನ ಕೆಳಭಾಗ ಉಜ್ಜಬೇಕು, ಜಿಡ್ಡು ಕೂರುವುದು ಅಲ್ಲಿ. ಸಿಂಕಿನ ತೂತು ಮೊದಲು ಮುಚ್ಚಿ.